ಸ್ಕ್ರೂ ಮಾರುತ್ತಿದ್ದವರು ಮೇಯರ್ ಆದಾಗ: ಬರ್ಮಿಂಗ್‌ಹ್ಯಾಮಿನ ಜೋಸೆಫ್ ಚೇಂಬರ್ಲೇನ್

ಒಂದು ಸ್ಕ್ರೂ ಕೈಗೆ ತೆಗೆದುಕೊಂಡು ನೋಡಿ. ತುದಿ ಚೂಪಾಗಿರುತ್ತದೆ, ಅಲ್ವಾ? 1850ಕ್ಕೆ ಮುಂಚೆ ಇಂಗ್ಲೆಂಡಿನ ಬಡಗಿಗಳ ಕೈಗೆ ಸಿಗುತ್ತಿದ್ದ ಸ್ಕ್ರೂ ಹೀಗಿರಲಿಲ್ಲ. ಅದರ ತುದಿ ಮೊಂಡು. ಮೊದಲು ಬೈರಿಗೆಯಿಂದ ಮರಕ್ಕೆ ತೂತು ಕೊರೆಯಬೇಕು, ಆಮೇಲೆ ಸ್ಕ್ರೂ ತಿರುಗಿಸಬೇಕು. ತಾನೇ ದಾರಿ ಮಾಡಿಕೊಂಡು ಮರದೊಳಗೆ ಇಳಿಯುವ ಚೂಪು ಸ್ಕ್ರೂ, ಅದನ್ನು ರಾಶಿಗಟ್ಟಲೆ ಮಾಡುವ ಯಂತ್ರ, ಎರಡೂ ಅಮೆರಿಕದಿಂದ ಬಂದವು. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಅವನ್ನು ಇಟ್ಟಿದ್ದರು. ಬರ್ಮಿಂಗ್‌ಹ್ಯಾಮಿನಲ್ಲಿ ಸ್ಕ್ರೂ ಮಾಡಿಸುತ್ತಿದ್ದ ಜಾನ್ ಸಟನ್ ನೆಟಲ್‌ಫೋಲ್ಡ್ ಅವರಿಗೆ ವಿಷಯ ಅರ್ಥವಾಯಿತು. ಇದರ ಹಕ್ಕು ತಾವು ಕೊಳ್ಳದಿದ್ದರೆ ಬೇರೆ ಯಾರೋ ಕೊಳ್ಳುತ್ತಾರೆ, ಆಗ ತಮ್ಮ ವ್ಯಾಪಾರ ಮುಗಿದಂತೆ.

ಹಕ್ಕಿಗೆ, ಯಂತ್ರಕ್ಕೆ, ಕಾರ್ಖಾನೆಗೆ ಸೇರಿ 30,000 ಪೌಂಡ್ ಬೇಕಿತ್ತು. ಅವರು ಹೆಂಡತಿಯ ಅಣ್ಣತಮ್ಮಂದಿರ ಮನೆ ಕಡೆ ನೋಡಿದರು. ಲಂಡನ್ನಿನಲ್ಲಿ ಬೂಟು ವ್ಯಾಪಾರ ಮಾಡುತ್ತಿದ್ದ ಚೇಂಬರ್ಲೇನ್ ಮನೆತನ 10,000 ಪೌಂಡ್ ಹಾಕಿತು. ಅಷ್ಟು ದುಡ್ಡು ಹಾಕಿದ ಮೇಲೆ ಮನೆಯವರೊಬ್ಬರು ಅಲ್ಲಿ ಇರಬೇಕಲ್ಲ. 18 ವರ್ಷದ ಮಗ ಜೋಸೆಫ್‌ನನ್ನು 1854ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಕಳಿಸಿದರು. ಸೋದರತ್ತೆಯ ಗಂಡನ ಕಾರ್ಖಾನೆಯಲ್ಲಿ ಲೆಕ್ಕ ಬರೆಯಲು ಬಂದ ಆ ಹುಡುಗ ಮುಂದೆ ಅದೇ ಊರಿನ ಮೇಯರ್ ಆದರು. ಮೂರು ವರ್ಷವೂ ತುಂಬದ ಅವಧಿಯಲ್ಲಿ ಊರಿನ ಗ್ಯಾಸ್, ನೀರು, ನಡುಪೇಟೆ ಮೂರಕ್ಕೂ ಕೈ ಹಾಕಿದರು.

ನಮ್ಮಲ್ಲಿ ಚೇಂಬರ್ಲೇನ್ ಅಂದರೆ ಹಿಟ್ಲರ್ ಜೊತೆ ಮ್ಯೂನಿಕ್ ಒಪ್ಪಂದ ಮಾಡಿಕೊಂಡ ಪ್ರಧಾನಿ ನೆವಿಲ್ ನೆನಪಾಗುತ್ತಾರೆ. ಇದು ಅವರ ತಂದೆಯ ಕಥೆ. ಈ ಕಥೆಯಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಒಂದೇ ಪ್ರಶ್ನೆ. ಸ್ವಂತ ಆಸ್ತಿ ಇಲ್ಲದ, ಮನೆ ಕಂದಾಯ ಬಿಟ್ಟರೆ ಬೇರೆ ಆದಾಯವೇ ಕಡಿಮೆ ಇದ್ದ ಒಂದು ಊರು ದುಡ್ಡು ಹುಟ್ಟಿಸಿದ್ದು ಹೇಗೆ?

ಉತ್ತರದ ಒಂದು ತುಂಡು ಸ್ಕ್ರೂ ಕಾರ್ಖಾನೆಯಲ್ಲೇ ಇದೆ. ತಯಾರಿಕೆ ನೋಡಿಕೊಳ್ಳುತ್ತಿದ್ದದ್ದು ಅತ್ತೆಯ ಮಗ ಜೋಸೆಫ್ ನೆಟಲ್‌ಫೋಲ್ಡ್. ಲೆಕ್ಕಪತ್ರ, ಮಾರಾಟ ಚೇಂಬರ್ಲೇನ್ ಅವರದು. ಫ್ರಾನ್ಸಿನ ಗಿರಾಕಿಗಳಿಗೆ ಅವರ ಅಳತೆಯಲ್ಲೇ ಸ್ಕ್ರೂ ಕೊಟ್ಟರು, ಅವರಿಗೆ ರೂಢಿಯಿದ್ದ ನೀಲಿ ಕಾಗದದಲ್ಲೇ ಕಟ್ಟಿದರು. ಊರಿನ ಸಣ್ಣ ಸ್ಕ್ರೂ ಅಂಗಡಿಗಳು ಯಂತ್ರದ ಮುಂದೆ ನಿಲ್ಲಲಾರದೆ ಹೋದವು. ಕೆಲವನ್ನು ಕಂಪನಿಯೇ ಕೊಂಡಿತು. ಹೊಟ್ಟೆಪಾಡು ಕಳೆದುಕೊಂಡವರು ಬೈದುಕೊಂಡರು, ಅದರಲ್ಲಿ ನ್ಯಾಯವೂ ಇತ್ತು. ಕೊನೆಗೆ ಇಂಗ್ಲೆಂಡಿನಲ್ಲಿ ತಯಾರಾಗುವ ಲೋಹದ ಸ್ಕ್ರೂಗಳಲ್ಲಿ ಮೂರರಲ್ಲಿ ಎರಡು ಪಾಲು ಈ ಒಂದೇ ಕಂಪನಿಯದಾಯಿತು. 1902ರಲ್ಲಿ ಆ ಕಂಪನಿ ಬೇರೆಯವರ ಜೊತೆ ಸೇರಿ ಗೆಸ್ಟ್, ಕೀನ್ ಆ್ಯಂಡ್ ನೆಟಲ್‌ಫೋಲ್ಡ್ಸ್, ಅಂದರೆ ಜಿಕೆಎನ್ ಆಯಿತು. ಅದರ ಭಾರತದ ಕವಲು ಕಲ್ಕತ್ತದ ಪಕ್ಕದ ಹೌರಾದಲ್ಲಿದ್ದ ಗೆಸ್ಟ್ ಕೀನ್ ವಿಲಿಯಮ್ಸ್. ಹಳೆಯ ಹಾರ್ಡ್‌ವೇರ್ ಅಂಗಡಿಯವರು ಜಿಕೆಡಬ್ಲ್ಯು ಸ್ಕ್ರೂ ಅಂದರೆ ಇವತ್ತಿಗೂ ಗುರುತು ಹಿಡಿಯುತ್ತಾರೆ.

ಆ ಇಪ್ಪತ್ತು ವರ್ಷದಲ್ಲಿ ಚೇಂಬರ್ಲೇನ್ ಕಲಿತ ಪಾಠ ಸರಳವಾದದ್ದು. ಒಂದೇ ಕೆಲಸವನ್ನು ಹತ್ತು ಜನ ಚಿಲ್ಲರೆಯಾಗಿ ಮಾಡುವುದಕ್ಕಿಂತ ಒಬ್ಬರು ದೊಡ್ಡದಾಗಿ ಮಾಡಿದರೆ ಖರ್ಚು ಇಳಿಯುತ್ತದೆ. ದೊಡ್ಡದಾಗಿ ಮಾಡಲು ಮೊದಲು ಸಾಲ ಎತ್ತುವ ಧೈರ್ಯ ಬೇಕು. ಊರಿನ ವಿಷಯದಲ್ಲೂ ಅವರು ಮಾಡಿದ್ದು ಇದನ್ನೇ.

ಇನ್ನೊಂದು ತುಂಡು ಪ್ರಾರ್ಥನಾ ಮಂದಿರದಲ್ಲಿ ಸಿಗುತ್ತದೆ. ಚೇಂಬರ್ಲೇನ್ ಯುನಿಟೇರಿಯನ್ ಪಂಥದವರು. ಅಂದರೆ ಸರ್ಕಾರದ ಅಧಿಕೃತ ಚರ್ಚಿಗೆ ಸೇರದವರು. ಅಂಥವರಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಬಾಗಿಲು ತುಂಬಾ ಕಾಲ ಸರಿಯಾಗಿ ತೆರೆದಿರಲಿಲ್ಲ. ಚೇಂಬರ್ಲೇನ್ ಓದು 16ಕ್ಕೇ ನಿಂತಿತು. ಬರ್ಮಿಂಗ್‌ಹ್ಯಾಮಿನಲ್ಲಿ ಆಗ ಜಾರ್ಜ್ ಡಾಸನ್, ಆರ್. ಡಬ್ಲ್ಯು. ಡೇಲ್ ಅವರಂಥ ಬೋಧಕರು ಹೊಸ ಮಾತೊಂದನ್ನು ಹೇಳುತ್ತಿದ್ದರು. ಊರಿನ ಮೋರಿ, ದೀಪ, ಗ್ರಂಥಾಲಯ ನೋಡಿಕೊಳ್ಳುವುದೂ ದೇವರ ಕೆಲಸವೇ. ಕೌನ್ಸಿಲರ್ ಆಗುವುದು ಕೀಳು ಕೆಲಸವಲ್ಲ, ಊರಿನ ಒಳ್ಳೆಯ ತಲೆಗಳು ಅಲ್ಲಿಗೇ ಹೋಗಬೇಕು. ಇದಕ್ಕೆ 'ನಾಗರಿಕ ಸುವಾರ್ತೆ' ಎಂಬ ಹೆಸರು ಬಿತ್ತು. ಭಾನುವಾರ ಕೇಳಿದ್ದನ್ನು ಸೋಮವಾರ ಮರೆಯದ ಒಂದಷ್ಟು ಕಾರ್ಖಾನೆ ಮಾಲೀಕರು ಆ ಊರಿನಲ್ಲಿದ್ದರು. ಇದು ಆ ಊರಿನ ಪುಣ್ಯ ಅಂತಲೇ ನನಗೆ ಅನ್ನಿಸುತ್ತದೆ.

ಏಕೆಂದರೆ ಅದಕ್ಕೆ ಮುಂಚಿನ ಸ್ಥಿತಿ ಬೇರೆಯೇ ಇತ್ತು. 1850ರ ದಶಕದಲ್ಲಿ ಕೌನ್ಸಿಲಿನಲ್ಲಿ 'ಎಕಾನಮಿಸ್ಟ್' ಎಂದು ಕರೆಸಿಕೊಳ್ಳುವ ಗುಂಪಿನದೇ ಮೇಲುಗೈ. ಹೆಚ್ಚಿನವರು ಸಣ್ಣ ಅಂಗಡಿಯವರು. ವುಡ್‌ಮನ್ ಎಂಬ ಪಡಖಾನೆಯಲ್ಲಿ ಕೂತು ಊರಿನ ವಿಷಯ ತೀರ್ಮಾನಿಸುತ್ತಿದ್ದರು. ಅವರಿಗಿದ್ದ ನೀತಿ ಒಂದೇ: ಕಂದಾಯ ಏರಬಾರದು. ಅವರನ್ನು ಸುಮ್ನೆ ಜಿಪುಣರು ಎಂದು ತಳ್ಳಿಹಾಕಲಾಗದು. ಕಂದಾಯ ಜಾಸ್ತಿ ಆದರೆ ಮೊದಲು ಕುತ್ತಿಗೆಗೆ ಬರುತ್ತಿದ್ದದ್ದು ಅಂಥ ಚಿಕ್ಕ ಅಂಗಡಿಯವರಿಗೇ. ಆದರೆ ಇದರ ಪರಿಣಾಮವನ್ನು ಇಡೀ ಊರು ಅನುಭವಿಸಿತು. 1871ರ ಹೊತ್ತಿಗೆ 3.4 ಲಕ್ಷ ಜನರಿದ್ದ ಊರು ಅದು. ಬೀದಿ ಕೊಳಕು, ಮೋರಿ ಅರೆಬರೆ. ವಠಾರದ ಬಾವಿಗೆ ಪಕ್ಕದ ಕಕ್ಕಸಿನ ಹೊಲಸು ಇಳಿಯುತ್ತಿತ್ತು.

ಚೇಂಬರ್ಲೇನ್ ರಾಜಕೀಯಕ್ಕೆ ಬಂದದ್ದು ಶಾಲೆಗಳ ಮೂಲಕ. ಎಲ್ಲ ಮಕ್ಕಳಿಗೂ ಕಡ್ಡಾಯ, ಉಚಿತ, ಯಾವ ಪಂಥಕ್ಕೂ ಸೇರದ ಶಿಕ್ಷಣ ಬೇಕೆಂದು 1869ರಲ್ಲಿ ಹುಟ್ಟಿದ ರಾಷ್ಟ್ರೀಯ ಶಿಕ್ಷಣ ಲೀಗಿನಲ್ಲಿ ಮುಂದೆ ನಿಂತರು. ಅದೇ ವರ್ಷ ಸೇಂಟ್ ಪಾಲ್ಸ್ ವಾರ್ಡಿನಿಂದ ಕೌನ್ಸಿಲರ್ ಆದರು. 1870ರ ಶಾಲಾ ಮಂಡಳಿ ಚುನಾವಣೆಯಲ್ಲಿ ಅವರ ಲಿಬರಲ್ ಪಕ್ಷಕ್ಕೆ ಒಳ್ಳೆಯ ಪೆಟ್ಟು ಬಿತ್ತು. 15 ಸ್ಥಾನಗಳಿದ್ದವು. ಪ್ರತಿ ಮತದಾರನಿಗೆ 15 ವೋಟು, ಬೇಕಾದರೆ ಎಲ್ಲವನ್ನೂ ಒಬ್ಬರಿಗೇ ಹಾಕಬಹುದು. ಲಿಬರಲ್ಲರು ಹದಿನೈದಕ್ಕೂ ಅಭ್ಯರ್ಥಿ ನಿಲ್ಲಿಸಿ ವೋಟು ಹಂಚಿಹೋಗಿ ಸೋತರು. ಅದರಿಂದ ಬುದ್ಧಿ ಕಲಿತು, ವಾರ್ಡ್ ವಾರ್ಡಿಗೂ ಸಮಿತಿ ಮಾಡಿ, ಯಾವ ಬೀದಿಯವರು ಯಾರಿಗೆ ಹಾಕಬೇಕು ಎಂಬಷ್ಟು ಬಿಗಿಯಾಗಿ ಸಂಘಟನೆ ಕಟ್ಟಿದರು. 1873ರಲ್ಲಿ ಮಂಡಳಿ ಗೆದ್ದರು. ಅದೇ ನವೆಂಬರಿನಲ್ಲಿ ಚೇಂಬರ್ಲೇನ್ ಮೇಯರ್ ಆದರು. ಮರುವರ್ಷ ಸ್ಕ್ರೂ ಕಂಪನಿಯ ಪಾಲು ಮಾರಿದರು. ಅವರ ಕೈಗೆ ಸುಮಾರು 1,20,000 ಪೌಂಡ್ ಬಂತು. ವಯಸ್ಸು 38. ಅಲ್ಲಿಂದ ಮುಂದೆ ಪೂರ್ತಿ ಊರಿನ ಕೆಲಸ.

ಈಗ ಗ್ಯಾಸಿನ ವಿಷಯಕ್ಕೆ ಬರೋಣ. ಇಡೀ ಕಥೆಯ ಕೀಲು ಇರುವುದು ಇಲ್ಲೇ.

ಆಗಿನ ಗ್ಯಾಸ್ ಅಂದರೆ ಸಿಲಿಂಡರ್ ಅಲ್ಲ. ಕಲ್ಲಿದ್ದಲನ್ನು ಗಾಳಿಯಾಡದ ಒಲೆಯಲ್ಲಿ ಕಾಯಿಸಿದಾಗ ಬರುವ ಅನಿಲ. ಅದನ್ನು ನೆಲದಡಿಯ ಕೊಳವೆಯಲ್ಲಿ ಹರಿಸಿ ಬೀದಿ ದೀಪ, ಅಂಗಡಿ ದೀಪ ಉರಿಸುತ್ತಿದ್ದರು. ಬರ್ಮಿಂಗ್‌ಹ್ಯಾಮಿನಲ್ಲಿ ಎರಡು ಖಾಸಗಿ ಗ್ಯಾಸ್ ಕಂಪನಿಗಳಿದ್ದವು. ಎರಡೂ ಅದೇ ಬೀದಿಗಳನ್ನು ಅಗೆದು ತಮ್ಮ ತಮ್ಮ ಕೊಳವೆ ಹಾಕುತ್ತಿದ್ದವು. ಎರಡು ಕಚೇರಿ, ಎರಡು ಗುಂಪು ನೌಕರರು, ಎರಡು ಗುಂಪು ಷೇರುದಾರರು. ಸ್ಪರ್ಧೆ ಅನ್ನುವುದು ಹೆಸರಿಗೆ ಮಾತ್ರ. ಅದರ ಖರ್ಚೆಲ್ಲ ಗಿರಾಕಿಯ ಬಿಲ್ಲಿಗೆ ಬರುತ್ತಿತ್ತು.

ಎರಡನ್ನೂ ಊರೇ ಕೊಳ್ಳಲಿ ಎಂದು 1874ರ ಜನವರಿಯಲ್ಲಿ ಚೇಂಬರ್ಲೇನ್ ಕೌನ್ಸಿಲಿನ ಮುಂದಿಟ್ಟರು. ಬೆಲೆ ಸುಮಾರು 20 ಲಕ್ಷ ಪೌಂಡ್. ಕೈಯಲ್ಲಿ ದುಡ್ಡಿಲ್ಲ, ಅಷ್ಟೂ ಸಾಲವೇ. ಕಂದಾಯ ಏರುತ್ತದೆಂದು ಹೆದರಿಕೊಂಡೇ ಬಂದಿದ್ದ ಊರಿಗೆ ಇದು ಎದೆ ನಡುಗಿಸುವ ಮೊತ್ತ.

ಅವರ ಲೆಕ್ಕ ಹೀಗಿತ್ತು. ಮದುವೆಗೆ ಮಾಡಿದ ಸಾಲ ಬೇರೆ, ಬಾವಿ ತೋಡಿಸಲು ಮಾಡಿದ ಸಾಲ ಬೇರೆ. ಮೊದಲನೆಯದು ತಿಂದು ಮುಗಿಯುತ್ತದೆ. ಎರಡನೆಯದು ಬೆಳೆ ಕೊಡುತ್ತದೆ, ಆ ಬೆಳೆಯಿಂದಲೇ ಸಾಲ ತೀರುತ್ತದೆ. ಗ್ಯಾಸ್ ಎರಡನೆಯ ಜಾತಿಯ ಸಾಲ. ಎರಡು ಕಂಪನಿ ಒಂದಾದರೆ ಎರಡೆರಡು ಖರ್ಚು ನಿಲ್ಲುತ್ತದೆ. ಊರು ಬೆಳೆಯುತ್ತಿರುವುದರಿಂದ ಗಿರಾಕಿಗಳು ಹೆಚ್ಚುತ್ತಲೇ ಹೋಗುತ್ತಾರೆ. ಸಾಲಕ್ಕೆ ಭದ್ರತೆಯಾಗಿ ಇಡೀ ಊರಿನ ಕಂದಾಯ ನಿಂತಿರುತ್ತದೆ, ಆದ್ದರಿಂದ ಕಡಿಮೆ ಬಡ್ಡಿಗೆ ದುಡ್ಡು ಸಿಗುತ್ತದೆ. ಬಡ್ಡಿ ಕಟ್ಟಿ, ಪ್ರತಿ ವರ್ಷ ಅಸಲಿಗಾಗಿ ಇಷ್ಟು ಎತ್ತಿಟ್ಟು, ಮೇಲೆ ಉಳಿದದ್ದು ಊರಿನದು. ಇದು ಲಾಭ ತರುವುದೆಂದು ಅವರಿಗೆ ಎಷ್ಟು ಖಾತ್ರಿಯಿತ್ತೆಂದರೆ, ಕೌನ್ಸಿಲ್ ಈ ವ್ಯವಹಾರವನ್ನು ತಮಗೇ ಗುತ್ತಿಗೆಗೆ ಕೊಟ್ಟರೂ ಊರಿಗೆ ವರ್ಷಕ್ಕೆ ಇಷ್ಟೆಂದು ಕಟ್ಟಿ ತಾವೂ ಶ್ರೀಮಂತರಾಗಬಹುದು ಅಂದರು.

ಇದರ ಹಿಂದೆ ಒಂದು ತತ್ವವೂ ಇತ್ತು. ಕಾನೂನಿನ ಬಲದಿಂದ ನಡೆಯುವ ಏಕಸ್ವಾಮ್ಯ ಯಾವುದಿದ್ದರೂ ಅದು ಜನರ ಪ್ರತಿನಿಧಿಗಳ ಕೈಯಲ್ಲಿರಬೇಕು. ಬೀದಿ ಅಗೆಯಲು ಅಪ್ಪಣೆ ಕೊಟ್ಟಿದ್ದು ಜನ. ಲಾಭ ಮಾತ್ರ ಷೇರುದಾರರಿಗೆ ಯಾಕೆ ಹೋಗಬೇಕು?

1875ರಲ್ಲಿ ಪಾರ್ಲಿಮೆಂಟು ಒಪ್ಪಿತು. ಮೊದಲ ವರ್ಷವೇ 34,000 ಪೌಂಡ್ ಲಾಭ ಬಂತು. ಇಲ್ಲಿ ಒಂದು ಸೂಕ್ಷ್ಮ ಇದೆ. ಗ್ಯಾಸಿನ ಲಾಭ ಅಂದರೆ ಗ್ಯಾಸ್ ಉರಿಸುವವರು ಕೊಟ್ಟ ದುಡ್ಡು ತಾನೇ? ಹಾಗಾದರೆ ಅದೂ ಒಂಥರಾ ತೆರಿಗೆ. ಆದರೆ ಆಗ ಗ್ಯಾಸ್ ಉರಿಸುತ್ತಿದ್ದವರು ಹೆಚ್ಚಾಗಿ ಅಂಗಡಿ, ಕಾರ್ಖಾನೆ, ಉಳ್ಳವರ ಮನೆ. ಬಡವರ ಮನೆಯಲ್ಲಿ ಮೇಣದ ಬತ್ತಿಯೇ. ಅಂದರೆ ಈ ತೆರಿಗೆ ಬೀಳುತ್ತಿದ್ದದ್ದು ಕೊಡಬಲ್ಲವರ ಮೇಲೆ.

ನೀರಿನ ವಿಷಯದಲ್ಲಿ ಚೇಂಬರ್ಲೇನ್ ತಮ್ಮದೇ ಲೆಕ್ಕವನ್ನು ತಿರುವಿ ಹಾಕಿದರು. ನನಗೆ ಅವರ ಮೇಲೆ ಗೌರವ ಹೆಚ್ಚಾಗುವುದು ಇಲ್ಲಿ. ನೀರಿನ ಕಂಪನಿಯನ್ನೂ 13.5 ಲಕ್ಷ ಪೌಂಡಿಗೆ ಊರೇ ಕೊಂಡಿತು. ಆದರೆ ಗ್ಯಾಸಿನಿಂದ ಲಾಭ ಮಾಡಬೇಕು, ನೀರಿನಿಂದ ಮಾಡಬಾರದು ಎಂದು ಅವರು ಕಡ್ಡಿ ಮುರಿದಂತೆ ಹೇಳಿದರು. ಗ್ಯಾಸ್ ಇಲ್ಲದೆ ಬದುಕಬಹುದು, ನೀರಿಲ್ಲದೆ ಆಗದು. ಜನರ ಸಾವು ಬದುಕು ಒಂದು ವ್ಯಾಪಾರಿ ಕಂಪನಿಯ ಕೈಯಲ್ಲಿರಬಾರದು. 1874ರಲ್ಲಿ ಊರಿನಲ್ಲಿ ಸಿಡುಬು ಎದ್ದಿತ್ತು, ಆ ಭಯ ಇನ್ನೂ ಆರಿರಲಿಲ್ಲ. ನೀರು ಊರಿನದಾದ ಮೇಲೆ ಉಳಿದ ದುಡ್ಡೆಲ್ಲ ದರ ಇಳಿಸಲು, ಕೊಳವೆ ಹೆಚ್ಚಿಸಲು ಹೋಗಬೇಕೆಂಬುದು ನಿಯಮ. ಇದೇ ದಾರಿಯಲ್ಲಿ ಮುಂದುವರಿದು ಬರ್ಮಿಂಗ್‌ಹ್ಯಾಮ್ 1904ರಲ್ಲಿ ವೇಲ್ಸ್‌ನ ಎಲಾನ್ ಕಣಿವೆಯ ಅಣೆಕಟ್ಟುಗಳಿಂದ 118 ಕಿಲೋಮೀಟರ್ ದೂರ ನೀರು ತಂದಿತು. ಪಂಪ್ ಇಲ್ಲ, ಬರೀ ಇಳಿಜಾರಿನ ಬಲದಿಂದ.

ಮೂರನೆಯ ಕೆಲಸ ನಡುಪೇಟೆಯ ಕೊಳೆಗೇರಿ. ಬೆನ್ನಿಗೆ ಬೆನ್ನು ಅಂಟಿಸಿ ಕಟ್ಟಿದ ಮನೆಗಳು. ಒಂದು ಮುಖ ಬೀದಿಗೆ, ಇನ್ನೊಂದು ಒಳಗಿನ ಅಂಗಳಕ್ಕೆ. ಹಿತ್ತಲಿಲ್ಲ, ಅಡ್ಡಗಾಳಿ ಇಲ್ಲ. ಇಡೀ ವಠಾರಕ್ಕೆ ಒಂದು ನೀರಿನ ಪಂಪು, ಕೆಲವೇ ಕಕ್ಕಸು. ಅಂಥ ಮನೆಗಳ ಒಂದು ಗುಂಪನ್ನು ಹರ್ಸ್ಟ್ ಸ್ಟ್ರೀಟಿನಲ್ಲಿ ಇವತ್ತಿಗೂ ಜೋಪಾನವಾಗಿ ಉಳಿಸಿದ್ದಾರೆ.

ಕೊಳೆಗೇರಿ ಕೊಂಡು ಕೆಡವಲು ಪುರಸಭೆಗಳಿಗೆ ಅಧಿಕಾರ ಕೊಡುವ ಕಾನೂನು 1875ರಲ್ಲಿ ಬಂತು. ತಂದವರು ಚೇಂಬರ್ಲೇನ್ ಅವರ ಎದುರಾಳಿಯಾದ ಕನ್ಸರ್ವೇಟಿವ್ ಪಕ್ಷದ ಗೃಹಮಂತ್ರಿ ರಿಚರ್ಡ್ ಕ್ರಾಸ್. ಅದನ್ನು ರೂಪಿಸುವಾಗ ಅವರು ಚೇಂಬರ್ಲೇನ್ ಸಲಹೆಯನ್ನೂ ಕೇಳಿದ್ದರು. ಕಾನೂನು ಬಂದ ಕೂಡಲೇ ಬರ್ಮಿಂಗ್‌ಹ್ಯಾಮ್ ತನ್ನ ಯೋಜನೆ ಮುಂದಿಟ್ಟಿತು. 40 ಎಕರೆಗೂ ಜಾಸ್ತಿ ಜಾಗ ಕೊಂಡು, ನಡುವೆ ಅಗಲವಾದ ಹೊಸ ರಸ್ತೆ ಹಾಕುವುದು. ಅದೇ ಇವತ್ತಿನ ಕಾರ್ಪೊರೇಷನ್ ಸ್ಟ್ರೀಟ್. ಚೇಂಬರ್ಲೇನ್ ತಮ್ಮ ಕೈಯಿಂದಲೇ 10,000 ಪೌಂಡ್ ಹಾಕಿದರು.

ಇಲ್ಲೂ ವ್ಯಾಪಾರಿಯ ಜಾಣ್ಮೆ ಇದೆ. ಹೊಸ ರಸ್ತೆಯ ಪಕ್ಕದ ನಿವೇಶನಗಳನ್ನು ಮಾರಲಿಲ್ಲ, 75 ವರ್ಷದ ಲೀಸಿಗೆ ಕೊಟ್ಟರು. ಕಟ್ಟಡ ಕಟ್ಟುವ ಖರ್ಚು ಬಾಡಿಗೆದಾರನದು. ಊರಿಗೆ ನೆಲಬಾಡಿಗೆ ಬರುತ್ತಿರುತ್ತದೆ. ಅವಧಿ ಮುಗಿದಾಗ ನೆಲವೂ, ಮೇಲಿನ ಕಟ್ಟಡವೂ ಊರಿನದೇ. ತಮ್ಮ ಕಾಲಕ್ಕಲ್ಲ, ಮೊಮ್ಮಕ್ಕಳ ಕಾಲಕ್ಕೆ ಬರುವ ಲಾಭಕ್ಕಾಗಿ ಹಾಕಿದ ಬೀಜ ಅದು. ಐದು ವರ್ಷಕ್ಕೊಮ್ಮೆ ಚುನಾವಣೆ ನೋಡುವ ನಮಗೆ ಇದು ಅಪರೂಪವಾಗಿ ಕಾಣುತ್ತದೆ.

ಆದರೆ ಅಲ್ಲಿದ್ದ ಜನ ಏನಾದರು? ಕಾನೂನಿನ ಹೆಸರಿನಲ್ಲೇ ಕುಶಲಕರ್ಮಿಗಳ, ಕೂಲಿಗಳ ವಸತಿ ಅಂತ ಇತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ಎದ್ದದ್ದು ಅಂಗಡಿ, ಕಚೇರಿ, ಕೋರ್ಟು. ಪುರಸಭೆಯೇ ಮನೆ ಕಟ್ಟಿಕೊಟ್ಟರೆ ಖರ್ಚು ವಿಪರೀತ ಎಂದು ಸಮಿತಿ ಕೈಬಿಟ್ಟಿತು. ಆ ರಸ್ತೆಯ ಸುತ್ತ ಸಾವಿನ ಪ್ರಮಾಣ 1873–75ರಲ್ಲಿ ಸಾವಿರಕ್ಕೆ ಸುಮಾರು 53 ಇದ್ದದ್ದು 1879–81ರ ಹೊತ್ತಿಗೆ 21ಕ್ಕೆ ಇಳಿಯಿತು. ಈ ಅಂಕಿಯನ್ನು ಯೋಜನೆಯ ಗೆಲುವು ಎಂದು ತೋರಿಸುವುದುಂಟು. ಗೆಲುವು ಹೌದು, ಆದರೆ ಸ್ವಲ್ಪ ನಿಂತು ಯೋಚಿಸಿ. ಇದು ಒಂದು ಜಾಗದ ಲೆಕ್ಕ, ಅದೇ ಜನರ ಲೆಕ್ಕವಲ್ಲ. ಸಾಯುತ್ತಿದ್ದ ಬಡವರು ಬೇರೆ ಓಣಿಗೆ ಹೋದರೆ ಈ ರಸ್ತೆಯ ಅಂಕಿ ತಾನಾಗಿಯೇ ಚೆನ್ನಾಗಿ ಕಾಣುತ್ತದೆ. ಗ್ಯಾಸಿನ ವಿಷಯದಲ್ಲಿ ಎಲ್ಲ ಊರಿನವರನ್ನೂ ಪಾಲುದಾರರಾಗಿ ಕಂಡ ಮನುಷ್ಯ, ಮನೆ ಕಳೆದುಕೊಂಡವರನ್ನು ಹಾಗೆ ಕಾಣಲಿಲ್ಲ. ಅವರ ಕೆಲಸವನ್ನು ಎಷ್ಟೇ ಮೆಚ್ಚಿದರೂ ಈ ಮಾತನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

1876ರ ಜೂನಿನಲ್ಲಿ ಪಾರ್ಲಿಮೆಂಟಿಗೆ ಆರಿಸಿ ಹೋಗುವಾಗ ಗೆಳೆಯ ಜೆಸ್ಸಿ ಕಾಲಿಂಗ್ಸ್ ಅವರಿಗೆ ಚೇಂಬರ್ಲೇನ್ ಒಂದು ಕಾಗದ ಬರೆದರು. ಊರಿಗೆ ಪಾರ್ಕು ಬರುತ್ತದೆ, ರಸ್ತೆಗೆ ಕಲ್ಲು ಹಾಸಾಗುತ್ತದೆ, ಕೋರ್ಟು, ಮಾರುಕಟ್ಟೆ, ಗ್ಯಾಸು, ನೀರು ಎಲ್ಲ ಬರುತ್ತದೆ, ಇದೆಲ್ಲ ಮೂರು ವರ್ಷದ ದುಡಿಮೆಯ ಫಲ ಎಂಬ ಅರ್ಥದ ಮಾತುಗಳು ಅದರಲ್ಲಿವೆ. ಓದಿದರೆ ಬೀಗುತ್ತಿದ್ದಾರೆ ಅನ್ನಿಸಬಹುದು. ಆದರೆ ಆ ಮೂರು ವರ್ಷದಲ್ಲಿ ಅವರ ಮನೆಯಲ್ಲಿ ಏನಾಯಿತೆಂದು ಗೊತ್ತಿದ್ದರೆ ಹಾಗನ್ನಿಸುವುದಿಲ್ಲ. ಮೊದಲ ಹೆಂಡತಿ ಹ್ಯಾರಿಯೆಟ್ ಕೆನ್ರಿಕ್ 1863ರಲ್ಲಿ ಮಗ ಆಸ್ಟಿನ್ ಹುಟ್ಟಿದಾಗ ಬಾಣಂತನದಲ್ಲಿ ತೀರಿಕೊಂಡಿದ್ದರು. ಅವರ ಸಂಬಂಧಿಯೇ ಆದ ಫ್ಲಾರೆನ್ಸ್ ಅವರನ್ನು 1868ರಲ್ಲಿ ಮದುವೆಯಾದರು. ನೆವಿಲ್ ಹುಟ್ಟಿದ್ದು ಫ್ಲಾರೆನ್ಸ್ ಅವರಿಗೆ. 1875ರಲ್ಲಿ, ಗ್ಯಾಸು ನೀರಿನ ಗದ್ದಲದ ನಡುವೆಯೇ, ಫ್ಲಾರೆನ್ಸ್ ಕೂಡ ಹೆರಿಗೆಯಲ್ಲಿ ಹೋದರು. ಅದಾದ ಕೆಲವೇ ತಿಂಗಳಿಗೆ ಕೊಳೆಗೇರಿಯ ಯೋಜನೆ ಕೌನ್ಸಿಲಿನ ಮುಂದೆ ಬಂತು.

ಗ್ಯಾಸಿನ ಲಾಭ ಆಮೇಲೂ ಊರಿಗೆ ಬರುತ್ತಲೇ ಇತ್ತು. 1885ರಲ್ಲಿ ತೆರೆದ ಊರಿನ ಕಲಾ ಸಂಗ್ರಹಾಲಯದ ಕಟ್ಟಡ ಎದ್ದದ್ದು ಗ್ಯಾಸ್ ಸಮಿತಿಯ ದುಡ್ಡಿನಿಂದ. ಕೈಗಾರಿಕೆಯ ಗಳಿಕೆಯಿಂದ ಕಲೆಯನ್ನು ಬೆಳೆಸುತ್ತೇವೆ ಎಂದು ಅಲ್ಲಿನ ಕಲ್ಲಿನಲ್ಲಿ ಕೆತ್ತಿದ್ದಾರೆ. ಬೇರೆ ಊರುಗಳೂ ಈ ದಾರಿ ಹಿಡಿದವು. 'ಗ್ಯಾಸು-ನೀರಿನ ಸಮಾಜವಾದ' ಎಂಬ ಮಾತೇ ಇಂಗ್ಲಿಷಿನಲ್ಲಿ ಹುಟ್ಟಿಕೊಂಡಿತು.

ದೆಹಲಿ ಅಂದರೆ ನಮಗೆ ಹೇಗೋ, ಲಂಡನ್ ರಾಜಕೀಯ ಅವರಿಗೆ ಹಾಗೆ. ಅಲ್ಲಿ ಅವರ ದಾರಿ ಬೇರೆಯಾಯಿತು. ಮಂತ್ರಿಯಾದರು. ಐರ್ಲೆಂಡಿಗೆ ಸ್ವಯಮಾಡಳಿತ ಕೊಡುವುದನ್ನು ವಿರೋಧಿಸಿ 1886ರಲ್ಲಿ ತಮ್ಮ ಪಕ್ಷದಿಂದ ಸಿಡಿದರು. 1895ರಿಂದ 1903ರವರೆಗೆ ವಸಾಹತುಗಳ ಮಂತ್ರಿ. ದಕ್ಷಿಣ ಆಫ್ರಿಕಾದಲ್ಲಿ ಡಚ್ ಮೂಲದ ಬಿಳಿಯರ ಜೊತೆ ಬ್ರಿಟನ್ ಮಾಡಿದ ಬೋಯರ್ ಯುದ್ಧ ನಡೆದದ್ದು ಆ ಕಾಲದಲ್ಲೇ.

ನಮಗೆ ನೇರ ಸಂಬಂಧವಿರುವ ಘಟನೆಯೂ ಆಗಿನದೇ. ಯುದ್ಧ ಮುಗಿದ ಮೇಲೆ 1902ರ ಕೊನೆಗೆ ಚೇಂಬರ್ಲೇನ್ ದಕ್ಷಿಣ ಆಫ್ರಿಕಾಕ್ಕೆ ಹೊರಟರು. ಅಲ್ಲಿನ ಭಾರತೀಯರು ಊರಿಗೆ ಮರಳಿದ್ದ ಗಾಂಧೀಜಿಗೆ ತಂತಿ ಕಳಿಸಿ ಕರೆಸಿಕೊಂಡರು. ನೇಟಾಲಿನಲ್ಲಿ ಗಾಂಧೀಜಿ ಭಾರತೀಯರ ದೂರುಗಳನ್ನು ಅವರ ಮುಂದಿಟ್ಟರು. ಸ್ವಂತ ಆಡಳಿತ ಇರುವ ವಸಾಹತುಗಳ ಮೇಲೆ ಲಂಡನ್ನಿನ ಹಿಡಿತ ಕಡಿಮೆ, ಅಲ್ಲಿನ ಬಿಳಿಯರ ಜೊತೆ ನೀವೇ ಹೊಂದಿಕೊಂಡು ಹೋಗಬೇಕು ಎಂಬಂಥ ತಣ್ಣನೆಯ ಉತ್ತರ ಸಿಕ್ಕಿತು. ಟ್ರಾನ್ಸ್‌ವಾಲಿನಲ್ಲಂತೂ ಅಧಿಕಾರಿಗಳು ನಿಯೋಗದಿಂದ ಗಾಂಧೀಜಿಯ ಹೆಸರನ್ನೇ ತೆಗೆದುಹಾಕಿದರು. ಒಂದು ವರ್ಷದ ಕೆಲಸ ಅಂದುಕೊಂಡು ಹೋದ ಗಾಂಧೀಜಿ 1914ರವರೆಗೆ ಅಲ್ಲೇ ಹೋರಾಡಿದರು. ಬರ್ಮಿಂಗ್‌ಹ್ಯಾಮಿನ ವಠಾರದವನಿಗೆ ಶುದ್ಧ ನೀರಿನ ಹಕ್ಕಿದೆ ಎಂದವರಿಗೆ ಡರ್ಬನ್ನಿನ ಭಾರತೀಯ ವ್ಯಾಪಾರಿಯ, ಕೂಲಿಯ ಹಕ್ಕು ಕಾಣಲಿಲ್ಲ. ಊರಿನ ಎಲ್ಲೆ ದಾಟಿದ ಮೇಲೆ ಅವರ ಸಮಾನತೆಯೂ ನಿಂತುಹೋಯಿತು.

1906ರ ಜುಲೈಯಲ್ಲಿ ಬರ್ಮಿಂಗ್‌ಹ್ಯಾಮ್ ಚೇಂಬರ್ಲೇನ್ ಅವರ 70ನೇ ಹುಟ್ಟುಹಬ್ಬವನ್ನು ಸಡಗರದಿಂದ ಮಾಡಿತು. ಅದಾದ ಕೆಲವೇ ದಿನಕ್ಕೆ ಪಾರ್ಶ್ವವಾಯು ಹೊಡೆಯಿತು. ಭಾಷಣವೇ ಬಂಡವಾಳವಾಗಿದ್ದವರಿಗೆ ಮಾತು ಕಷ್ಟವಾಯಿತು. ಅತ್ತ ಮಗ ನೆವಿಲ್ 1915ರಲ್ಲಿ ಅದೇ ಊರಿನ ಲಾರ್ಡ್ ಮೇಯರ್ ಆದರು, ಮರುವರ್ಷ ಊರಿನದೇ ಒಂದು ಉಳಿತಾಯ ಬ್ಯಾಂಕ್ ತೆರೆದರು. ತಂದೆ ಅದನ್ನು ನೋಡಲಿಲ್ಲ. ಅವರು 1914ರ ಜುಲೈ 2ರಂದು ತೀರಿಕೊಂಡಿದ್ದರು. ದೇಶದ ದೊಡ್ಡವರನ್ನು ಮಣ್ಣು ಮಾಡುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಜಾಗ ಕೊಡುತ್ತೇವೆ ಅಂದರು. ಮನೆಯವರು ಬೇಡವೆಂದು ಬರ್ಮಿಂಗ್‌ಹ್ಯಾಮಿಗೆ ತಂದರು. ಕೀ ಹಿಲ್ ಸ್ಮಶಾನದಲ್ಲಿ ಹ್ಯಾರಿಯೆಟ್, ಫ್ಲಾರೆನ್ಸ್ ಇಬ್ಬರೂ ಮಲಗಿದ್ದ ಸಮಾಧಿಯಲ್ಲೇ ಅವರನ್ನೂ ಇಟ್ಟರು.